ಅರ್ಧಕ್ಕೆ ಇಳಿಯದ ವೋಲ್ಟೇಜು

ನನ್ನ ನಾಲ್ಕನೇ ಸೆಮ್ ಅನಲಾಗ್ ಲ್ಯಾಬ್ ರೆಕಾರ್ಡಿನಲ್ಲಿ, ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಪ್ರಯೋಗದ ಕೊನೆಯ ಸಾಲಿನಲ್ಲಿ ‘ಔಟ್‌ಪುಟ್ ಇಂಪಿಡೆನ್ಸ್ = 960 ಓಮ್’ ಅಂತ ನೀಲಿ ಇಂಕಿನಲ್ಲಿ ಬರೆದಿದೆ. ಕೆಳಗೆ ಕೆಂಪು ಇಂಕಿನ ಸಹಿ, ಹತ್ತಕ್ಕೆ ಹತ್ತು. ನನ್ನ ಬ್ಯಾಚಿನ ಉಳಿದ ಮೂವರ ರೆಕಾರ್ಡಿನಲ್ಲೂ 960. ನಮಗೆ ರೆಕಾರ್ಡ್ ಕೊಟ್ಟ ಸೀನಿಯರ್ ಪುಟದಲ್ಲೂ 960. ಆ ಸಂಖ್ಯೆ ಎಷ್ಟು ವರ್ಷದಿಂದ ಕೈಯಿಂದ ಕೈಗೆ ಓಡಾಡ್ತಾ ಇದೆಯೋ ದೇವರಿಗೇ ಗೊತ್ತು. ನಾನಂತೂ ಅದನ್ನು ಅಳೆದಿರಲಿಲ್ಲ. ಅವತ್ತು ನಮ್ಮ ಟೇಬಲ್ಲಿನ ಟ್ರಾನ್ಸಿಸ್ಟರ್ ಸರಿಯಾಗಿ ಬಯಾಸ್ ಆಗೋದರೊಳಗೇ ಲ್ಯಾಬ್ ಟೈಮ್ ಮುಗಿದಿತ್ತು.

ಇದು ದೊಡ್ಡ ಪಾಪ ಅಂತೇನೂ ನಾನು ಹೇಳ್ತಿಲ್ಲ. ಇದನ್ನು ಓದ್ತಿರೋ ನಿಮ್ಮ ರೆಕಾರ್ಡಿನಲ್ಲೂ ಇಂಥ ಒಂದು ಸಂಖ್ಯೆ ಇದ್ದೇ ಇರುತ್ತೆ. ಆದರೆ ಆ 960 ಓಮ್ ಎಲ್ಲಿಂದ ಬರುತ್ತೆ, ಯಾಕೆ ಬರುತ್ತೆ ಅಂತ ಗೊತ್ತಿಲ್ಲದೇ ಮುಂದೆ ಹೋಗಿದ್ದರಿಂದ, ನಮ್ಮಪ್ಪ ಒಂದು ಗೃಹಪ್ರವೇಶದ ದಿನ ಬೇರೆಯವರ ಮೈಕ್‌ಸೆಟ್ಟನ್ನು ಬಾಡಿಗೆಗೆ ತಂದು ಹಾಕಬೇಕಾಯ್ತು. ಆ ಕತೆ ಇದು.

ನಮ್ಮೂರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ ಸ್ವಲ್ಪ ತೆಂಗಿನ ತೋಟ, ಅದರ ಜೊತೆಗೆ ಮೈಕ್‌ಸೆಟ್. ಎರಡು ಬಾಕ್ಸು, ಎರಡು ಹಾರನ್ನು, ಒಂದು ಮಿಕ್ಸರ್, ಒಂದು ಆಂಪ್ಲಿಫೈಯರ್. ಆಂಪ್ಲಿಫೈಯರ್ ಕಂಪನಿ ಮಾಲಲ್ಲ, ಯಾರೋ ಅಸೆಂಬಲ್ ಮಾಡಿದ್ದು. ತಗಡಿನ ಪೆಟ್ಟಿಗೆ, ಹಿಂದೆ ಹೀಟ್‌ಸಿಂಕಿನ ಮೇಲೆ ಎರಡು 2ಎನ್3055 ಟ್ರಾನ್ಸಿಸ್ಟರ್. ಸ್ಪೀಕರ್ ಟರ್ಮಿನಲ್ ಪಕ್ಕದಲ್ಲಿ ಬಿಳಿ ಪೇಂಟಿನಲ್ಲಿ ‘8 ಓಮ್’ ಅಂತ ಬರೆದಿದೆ. ಅದರ ದುಡಿಮೆಯಲ್ಲೇ ನನ್ನ ಪಿಯುಸಿ ಹಾಸ್ಟೆಲ್ ಫೀಸು ಹೋಗಿದ್ದು.

ಐದನೇ ಸೆಮ್‌ನ ದೀಪಾವಳಿ ರಜೆಗೆ ಊರಿಗೆ ಹೋದಾಗ ಅಪ್ಪ ಒಂದು ಮಾತು ಎತ್ತಿದರು.

“ಮುಂದಿನ ಬಾಕ್ಸ್ ಒಂದೇ ಇದ್ದಾಗ ಚೆನ್ನಾಗಿ ಕೇಳ್ತದೆ ಕಣವ್ವ. ಅದೇ ಲೈನಿಗೆ ಎರಡನೇ ಬಾಕ್ಸ್ ಸೇರಿಸಿದ ಕೂಡ್ಲೇ ಮೊದಲನೇದು ಕುಗ್ಗಿಹೋಗ್ತದೆ. ಧ್ವನೀಲಿ ತೂಕ ಇರಲ್ಲ. ಆಂಪ್ಲಿಫೈರ್ ಸೋತಿದೆ ಅನ್ಸುತ್ತೆ. ಸಂಘದಲ್ಲಿ ಸಾಲ ತಗೊಂಡು ಹೊಸದು ತಂದುಬಿಡಾನ ಅಂತಿದೀನಿ. ನೀನು ಇದನ್ನೇ ಓದ್ತಿದೀಯಲ್ಲ, ಒಂಚೂರು ನೋಡು.”

ನನಗೆ ಒಳಗೊಳಗೇ ಖುಷಿ. ಹೊರೆ ಹಾಕಿದಾಗ ವೋಲ್ಟೇಜು ಕುಸಿಯುತ್ತೆ ಅಂದರೆ ಔಟ್‌ಪುಟ್ ಇಂಪಿಡೆನ್ಸ್ ಜಾಸ್ತಿ ಇದೆ ಅಂತ. ಸಿಲಬಸ್ಸಿನಲ್ಲಿ ಇರೋದೇ. ಲ್ಯಾಬ್ ಮ್ಯಾನುಯಲ್ಲಿನ ವಿಧಾನವೂ ಬಾಯಿಪಾಠ: ಲೋಡ್ ಇಲ್ಲದೆ ಔಟ್‌ಪುಟ್ ವೋಲ್ಟೇಜ್ ನೋಡಿಕೋ. ಆಮೇಲೆ ಡಿಆರ್‌ಬಿ ಸೇರಿಸಿ, ವೋಲ್ಟೇಜು ಸರಿಯಾಗಿ ಅರ್ಧಕ್ಕೆ ಬರೋವರೆಗೂ ರೆಸಿಸ್ಟೆನ್ಸ್ ಇಳಿಸ್ತಾ ಹೋಗು. ಅರ್ಧಕ್ಕೆ ಬಂದಾಗ ಡಿಆರ್‌ಬಿಯಲ್ಲಿ ಏನಿದೆಯೋ ಅದೇ ಔಟ್‌ಪುಟ್ ಇಂಪಿಡೆನ್ಸ್. ಒಳಗಿನದೂ ಹೊರಗಿನದೂ ಸಮ ಆದಾಗ ವೋಲ್ಟೇಜನ್ನು ಇಬ್ಬರೂ ಸರಿಪಾಲು ಹಂಚಿಕೊಳ್ಳುತ್ತಾರೆ, ಅಷ್ಟೇ.

ಡಿಆರ್‌ಬಿ ಬದಲು ಅಪ್ಪನ ಡಬ್ಬಿಯಲ್ಲಿ 8.2 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ನಾಲ್ಕು ಸಿಕ್ಕವು. ಫೋನಿನ ಟೋನ್ ಜನರೇಟರ್ ಆ್ಯಪ್‌ನಿಂದ ಸಿಗ್ನಲ್. ಅಪ್ಪನ ಹಳದಿ ಮಲ್ಟಿಮೀಟರಿನಲ್ಲಿ ಎಸಿ ಅಂದರೆ 200 ವೋಲ್ಟ್ ರೇಂಜೇ ಕನಿಷ್ಠ, ಒಂದೇ ದಶಮಾಂಶ. ಅದರಲ್ಲಿ ಏನಾದರೂ ಕಾಣಬೇಕು ಅಂದರೆ ವೋಲ್ಟೇಜ್ ಜಾಸ್ತಿ ಬೇಕು ಅಂತ ವಾಲ್ಯೂಮ್ ಏರಿಸಿ 10 ವೋಲ್ಟಿಗೆ ನಿಲ್ಲಿಸಿದೆ. ಪೆಟ್ಟಿಗೆ ಮೇಲೆ ‘8 ಓಮ್’ ಅಂತ ಬರೆದಿದೆ, ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಂ ಪ್ರಕಾರ ಒಳಗೂ 8 ಓಮ್ ಇರಬೇಕು, ಒಂದು ರೆಸಿಸ್ಟರ್ ಹಾಕಿದರೆ 5 ವೋಲ್ಟಿಗೆ ಬರುತ್ತೆ. ಇದು ನನ್ನ ಲೆಕ್ಕ.

ಒಂದು ಹಾಕಿದೆ: 9.7. ಎರಡು: 9.5. ಮೂರು: 9.3. ನಾಲ್ಕು: 9.0.

ಅರ್ಧದ ಸುಳಿವೇ ಇಲ್ಲ. ರೆಸಿಸ್ಟರುಗಳು ಮುಟ್ಟೋಕಾಗದಷ್ಟು ಕಾದಿದ್ದವು. ಆಗಲಾದರೂ ಬುದ್ಧಿ ಬರಬೇಕಿತ್ತು. ಮ್ಯಾನುಯಲ್ಲಿನಲ್ಲಿ ಅರ್ಧಕ್ಕೆ ಬರಬೇಕು ಅಂತಿದೆ, ಹಾಗಾಗಿ ಬರಲೇಬೇಕು ಅನ್ನೋದೊಂದೇ ತಲೆಯಲ್ಲಿ. ಡಬ್ಬಿ ತಡಕಿದಾಗ 1 ಓಮಿನದ್ದೊಂದು ಸಿಕ್ಕಿತು. ಹಾಕಿದೆ.

ಮೂರು ಸೆಕೆಂಡ್ ಇರಬಹುದು. ಒಳಗೆ ‘ಟಪ್’ ಅಂತು. ಸುಟ್ಟ ವಾಸನೆ. ಮೀಟರಿನಲ್ಲಿ ಏನೋ ಅರ್ಥವಿಲ್ಲದ ಸಂಖ್ಯೆ. ರೆಸಿಸ್ಟರಿನಿಂದ ಹೊಗೆ. ನಾನು ಪ್ಲಗ್ ಕಿತ್ತೆ.

10 ವೋಲ್ಟಿನಲ್ಲಿ 1 ಓಮ್ ಅಂದರೆ 10 ಆಂಪ್ ಕೇಳಿದ ಹಾಗೆ ಅಂತ ಒಂದು ಸಲ ಮನಸ್ಸಿನಲ್ಲಿ ಗುಣಿಸಿದ್ದರೂ ಸಾಕಿತ್ತು. ಫ್ಯೂಸ್ ಆದರೂ ಕಾಪಾಡಬೇಕಿತ್ತು. ಆ ಜಾಗದಲ್ಲಿ ಯಾವುದೋ ಜಾತ್ರೆ ರಾತ್ರಿಯ ಅವಸರದಲ್ಲಿ ಅಪ್ಪ ಸುತ್ತಿದ್ದ ಎರಡೆಳೆ ತಾಮ್ರದ ತಂತಿ ಇತ್ತು. ಸ್ಪೀಕರ್ ಹಾಕಿರಲಿಲ್ಲ ಅನ್ನೋದೊಂದೇ ಪುಣ್ಯ. ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಸತ್ತರೆ ಪವರ್ ಸಪ್ಲೈಯ ಪೂರ್ತಿ ಡಿಸಿ ಸ್ಪೀಕರಿನ ಕಾಯಿಲ್‌ಗೇ ನುಗ್ಗುತ್ತೆ.

ಅಪ್ಪ ತೋಟದಿಂದ ಬಂದರು. ಬಾಗಿಲಲ್ಲೇ ವಾಸನೆ ಹಿಡಿದರು. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸ್ಕ್ರೂಡ್ರೈವರ್ ತಗೊಂಡು ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿಯೋಕೆ ನನಗೆ ಕೊಟ್ಟರು. ಎರಡೂ 2ಎನ್3055 ಹೋಗಿದ್ದವು, ಜೊತೆಗೆ ಡ್ರೈವರ್ ಒಂದು. ನಾಳೆ ಬೆಳಗ್ಗೆ ಐದಕ್ಕೆ ಪಕ್ಕದೂರಿನಲ್ಲಿ ಗೃಹಪ್ರವೇಶ. ಆ ಹೊತ್ತಿನಲ್ಲಿ ಅರಸೀಕೆರೆಗೆ ಹೋದರೂ ಅಂಗಡಿ ತೆಗೆದಿರೋದಿಲ್ಲ. ಅಪ್ಪ ಫೋನ್ ಮಾಡಿ ಇನ್ನೊಬ್ಬರ ಸೆಟ್ಟಿಗೆ ಹೇಳಿದರು. ಅವತ್ತಿನ ಬಾಡಿಗೆ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೇ ಹೋಯಿತು.

ಊಟಕ್ಕೆ ಕೂತಾಗ ಕೇಳಿದರು, “ಏನ್ ಮಾಡಕ್ ಹೋಗಿದ್ದೆ?”

ಹೇಳಿದೆ. ಅರ್ಧಕ್ಕೆ ಇಳಿಯೋವರೆಗೂ ಲೋಡ್ ಹಾಕ್ತಾ ಹೋಗೋದು ಅಂತ.

“ಎತ್ತು ಎಷ್ಟು ಹೊರುತ್ತೆ ಅಂತ ನೋಡಕ್ಕೆ ಅದರ ಸೊಂಟ ಮುರಿಯೋವರೆಗೂ ಹೇರ್ತಾರೇನವ್ವ? ಒಂದೆರಡು ಮೂಟೆ ಹಾಕಿ, ನಡಿಗೆ ಎಷ್ಟು ತಗ್ತು ಅಂತ ನೋಡಿದ್ರೆ ಗೊತ್ತಾಗಲ್ವ?”

ನಾನು ತಲೆ ಎತ್ತಲಿಲ್ಲ. ಅಪ್ಪ ಹೇಳಿದ್ದೇ ಸರಿಯಾದ ವಿಧಾನ ಅಂತ ಅರ್ಥ ಆಗೋಕೆ ನನಗೆ ಇನ್ನೂ ಮೂರು ವಾರ ಹಿಡಿಯಿತು.

ಕಾಲೇಜಿಗೆ ವಾಪಸ್ ಬಂದಾಗ ನಮ್ಮ ಮಿನಿ ಪ್ರಾಜೆಕ್ಟ್ ಅರ್ಧಕ್ಕೆ ನಿಂತಿತ್ತು. ಎಸ್.ಪಿ. ರೋಡಿನಿಂದ ತಂದ ಟಿಡಿಎ 2030 ಐಸಿಯ ಆಂಪ್ಲಿಫೈಯರ್, ಎರಡು ಚಾನೆಲ್. ರಿಪೋರ್ಟಿನಲ್ಲಿ ಗೇನ್, ಬ್ಯಾಂಡ್‌ವಿಡ್ತ್, ಔಟ್‌ಪುಟ್ ಇಂಪಿಡೆನ್ಸ್ ಮೂರೂ ಕೊಡಬೇಕು. ನಾನು ಲ್ಯಾಬ್ ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಹೋಗಿ, ಮನೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. “ಮೊದಲು ಈ ಫಂಕ್ಷನ್ ಜನರೇಟರಿಂದು ಅಳೀರಿ” ಅಂದರು.

ಅಳೆದೆ. ಡಿಆರ್‌ಬಿಯನ್ನು ಇಳಿಸುತ್ತಾ 50 ಓಮಿಗೆ ಬಂದಾಗ ವೋಲ್ಟೇಜು ಸರಿಯಾಗಿ ಅರ್ಧ. ಜನರೇಟರಿನ ಮುಖದ ಮೇಲೇ ‘50 ಓಮ್’ ಅಂತ ಬರೆದಿತ್ತು.

“ಇದರ ಮೇಲೆ ಬರೆದಿರೋದು ಅದರದ್ದೇ ಇಂಪಿಡೆನ್ಸ್. ನಿಮ್ಮಪ್ಪನ ಆಂಪ್ಲಿಫೈಯರ್ ಮೇಲೆ ಬರೆದಿರೋದು ಅದಕ್ಕೆ ಯಾವ ಸ್ಪೀಕರ್ ಹಾಕಬೇಕು ಅಂತ. ಎರಡಕ್ಕೂ ವ್ಯತ್ಯಾಸ ಇದೆಯಲ್ಲಮ್ಮ.”

ಇಷ್ಟು ಸಣ್ಣ ವಿಷಯ. ಇದನ್ನು ಯಾವ ವೈವಾದಲ್ಲೂ ಯಾರೂ ನನ್ನನ್ನು ಕೇಳಿರಲಿಲ್ಲ. ಪವರ್ ಆಂಪ್ಲಿಫೈಯರಿನವರು ಮ್ಯಾಚಿಂಗ್ ಮಾಡೋಕೆ ಹೋಗೋದೇ ಇಲ್ಲ. ಒಳಗೂ 8 ಓಮ್ ಇದ್ದರೆ ಸ್ಪೀಕರಿಗೆ ಹೋದಷ್ಟೇ ಪವರ್ ಒಳಗೇ ಬಿಸಿಯಾಗಿ ಹೋಗುತ್ತೆ. ಒಳಗಿನದು ಓಮಿನ ಸಣ್ಣ ಚೂರಿನಷ್ಟು ಮಾತ್ರ ಇರಬೇಕು ಅಂತಲೇ ಡಿಸೈನ್ ಮಾಡಿರುತ್ತಾರೆ. ಅಂಥದ್ದನ್ನು ಅರ್ಧಕ್ಕೆ ಇಳಿಸೋದು ಅಂದರೆ ಹೆಚ್ಚೂ ಕಮ್ಮಿ ಶಾರ್ಟ್ ಮಾಡಿದ ಹಾಗೆ. 960 ಓಮಿನ ಆರ್‌ಸಿ ಕಪಲ್ಡ್ ಸ್ಟೇಜಿಗೆ ಡಿಆರ್‌ಬಿ ವಿಧಾನ ನಡೆಯುತ್ತೆ. ಅಲ್ಲಿ ಹರಿಯೋದು ಮಿಲಿಆಂಪ್ ಲೆಕ್ಕದ ಕರೆಂಟು. ನಾನು ಅವತ್ತು ಲ್ಯಾಬಿನಲ್ಲಿ ನಿಜವಾಗಿಯೂ ಅಳೆದಿದ್ದರೆ, ಕರೆಂಟ್ ಎಷ್ಟು ಅನ್ನೋ ಪ್ರಶ್ನೆ ಬಹುಶಃ ಬರ್ತಿತ್ತು. ಕಾಪಿ ಹೊಡೆದವರಿಗೆ ಸಂಖ್ಯೆ ಮಾತ್ರ ಸಿಗುತ್ತೆ, ಅದರ ಜೊತೆಗಿರೋ ಎಚ್ಚರಿಕೆ ಸಿಗಲ್ಲ.

ಹಾಗಾದರೆ ಅಳೆಯೋದು ಹೇಗೆ? ಅಪ್ಪ ಹೇಳಿದ ಹಾಗೆಯೇ. ಒಂದೆರಡು ಮೂಟೆ ಹಾಕಿ ನಡಿಗೆ ನೋಡೋದು. ಸಣ್ಣ ಸಿಗ್ನಲ್, ಆಂಪ್ಲಿಫೈಯರ್ ಆರಾಮವಾಗಿ ಹೊರುವಷ್ಟೇ ಲೋಡ್. ಖಾಲಿ ಇದ್ದಾಗಿನ ವೋಲ್ಟೇಜ್ ಒಂದು, ಲೋಡ್ ಇದ್ದಾಗಿನದು ಇನ್ನೊಂದು. ಎರಡರ ವ್ಯತ್ಯಾಸವನ್ನು ಲೋಡಿನಲ್ಲಿ ಹರಿಯುವ ಕರೆಂಟಿನಿಂದ ಭಾಗಿಸಿದರೆ ಮುಗೀತು. ಇದರ ಹಿಂದಿರೋದು ನಾವು ಮೂರನೇ ಸೆಮ್‌ನಲ್ಲಿ ಬೈದುಕೊಂಡು ಓದಿದ ತೆವೆನಿನ್ ಥಿಯರಂ. ಒಳಗೆ ಎಷ್ಟೇ ಟ್ರಾನ್ಸಿಸ್ಟರ್ ಇರಲಿ, ಲೀನಿಯರ್ ಆಗಿರೋವರೆಗೆ ಹೊರಗಿನವರಿಗೆ ಅದು ಒಂದು ವೋಲ್ಟೇಜ್ ಸೋರ್ಸು, ಒಂದು ಇಂಪಿಡೆನ್ಸು, ಅಷ್ಟೇ. ತೆವೆನಿನ್ ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್. 1883ರಲ್ಲಿ ಇದನ್ನು ಪ್ರಕಟಿಸಿದಾಗ ಟ್ರಾನ್ಸಿಸ್ಟರ್ ಇರಲಿ, ವಾಲ್ವ್ ಕೂಡ ಇರಲಿಲ್ಲ.

ಓದೋಕೆ ಸುಲಭ. ಮಾಡೋಕೆ ಕೂತಾಗ ಕಷ್ಟ ಗೊತ್ತಾಯ್ತು. 1 ಕಿಲೋಹರ್ಟ್ಸ್ ಸೈನ್ ಕೊಟ್ಟು ಖಾಲಿ ಔಟ್‌ಪುಟ್ಟನ್ನು 2.000 ವೋಲ್ಟಿಗೆ ನಿಲ್ಲಿಸಿದೆ. ಡಿಎಸ್‌ಒದಲ್ಲಿ ನೋಡೋಣ ಅಂದರೆ, 8 ಬಿಟ್ ಪರದೆಯಲ್ಲಿ ಇರೋದೇ 256 ಮೆಟ್ಟಿಲು. ನೂರಕ್ಕೆ ಒಂದೂವರೆ ಭಾಗ ಇಳಿದರೆ ಮೂರ್ನಾಲ್ಕು ಮೆಟ್ಟಿಲು ಕೂಡ ಸರಿಯಾಗಿ ಕಾಣಲ್ಲ. ಸರ್ ಬೀರುವಿನಿಂದ ನಾಲ್ಕೂವರೆ ಡಿಜಿಟ್ಟಿನ ಬೆಂಚ್ ಮೀಟರ್ ತೆಗೆದು ಕೊಟ್ಟರು. 8.2 ಓಮ್ ರೆಸಿಸ್ಟರನ್ನು ಎರಡು ಮೀಟರ್ ತಂತಿ, ಕ್ರೊಕೊಡೈಲ್ ಕ್ಲಿಪ್ಪು ಹಾಕಿ ಸೇರಿಸಿ, ರೆಸಿಸ್ಟರಿನ ಕಾಲುಗಳ ಮೇಲೆ ವೋಲ್ಟೇಜ್ ನೋಡಿದೆ. 1.918. ಲೆಕ್ಕ ಹಾಕಿದರೆ 0.35 ಓಮ್. ಬರೆದುಕೊಂಡೆ.

ಸರ್ ಬಂದು ಏನೂ ಮಾತಾಡದೆ, ಮೀಟರಿನ ಪ್ರೋಬ್‌ಗಳನ್ನು ಮಾತ್ರ ರೆಸಿಸ್ಟರಿನಿಂದ ತೆಗೆದು ಆಂಪ್ಲಿಫೈಯರಿನ ಟರ್ಮಿನಲ್ ಮೇಲೆ ಇಟ್ಟರು. ಬೇರೇನೂ ಬದಲಾಗಿಲ್ಲ. ಮೀಟರ್ 1.971 ತೋರಿಸಿತು.

ಕರೆಂಟು 1.918ನ್ನು 8.2ರಿಂದ ಭಾಗಿಸಿದಷ್ಟು, ಅಂದರೆ 0.234 ಆಂಪ್. ಟರ್ಮಿನಲ್ಲಿನಲ್ಲಿ ಇಳಿದದ್ದು 29 ಮಿಲಿವೋಲ್ಟ್. ಹಾಗಾಗಿ ಆಂಪ್ಲಿಫೈಯರಿನ ಪಾಲು 0.12 ಓಮ್. ಉಳಿದ 0.23 ಓಮ್? ನನ್ನ ತಂತಿ ಮತ್ತು ಕ್ಲಿಪ್ಪು. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ ಮೀಟರಿಗೆ 0.034 ಓಮ್, ಹೋಗಿ ಬರೋಕೆ ನಾಲ್ಕು ಮೀಟರ್ ಅಂದರೆ 0.14 ಓಮ್. ಮಿಕ್ಕಿದ್ದು ಸಡಿಲ ಕ್ಲಿಪ್ಪಿನದ್ದು. ನಾನು ಅಳೆದಿದ್ದರಲ್ಲಿ ಮೂರನೇ ಎರಡು ಭಾಗ ನಾನೇ ತಂದು ಹಾಕಿದ್ದು! ಕರೆಂಟ್ ಹರಿಯೋ ತಂತಿ ಬೇರೆ, ವೋಲ್ಟೇಜ್ ನೋಡೋ ತಂತಿ ಬೇರೆ ಇರಬೇಕು ಅನ್ನೋದು ಕೆಲ್ವಿನ್ ಹೆಸರಿನಲ್ಲಿ ಪುಸ್ತಕದಲ್ಲಿದೆ. ಪ್ರೋಬ್ ಜರುಗಿಸಿದಾಗಲೇ ಅದು ನನ್ನ ತಲೆಗೆ ಹೋಗಿದ್ದು.

ಮುಗೀತು ಅಂದುಕೊಂಡೆ. ಸರ್ ಮುಗಿಸೋಕೆ ಬಿಡಲಿಲ್ಲ. “ಎರಡು ದೊಡ್ಡ ಸಂಖ್ಯೆ ಕಳೆದು ಸಣ್ಣದನ್ನ ಹುಡುಕ್ತಿದೀರಿ. ಮೀಟರಿನಲ್ಲಿ ಒಂದು ಮಿಲಿವೋಲ್ಟ್ ಆಚೀಚೆ ಆದ್ರೆ 0.004 ಓಮ್ ಹೆಚ್ಚು ಕಮ್ಮಿ ಆಗುತ್ತೆ. ಇನ್ನೊಂದು ದಾರೀಲಿ ನೋಡಿ” ಅಂದರು.

ಆ ದಾರಿ ಏನಂದರೆ, ಆಂಪ್ಲಿಫೈಯರಿನ ಇನ್‌ಪುಟ್ಟನ್ನು ಶಾರ್ಟ್ ಮಾಡಿ ಸುಮ್ಮನೆ ಕೂರಿಸೋದು. ಆಮೇಲೆ ಎರಡನೇ ಚಾನೆಲ್ಲಿನಿಂದ 8.2 ಓಮ್ ಮೂಲಕ ಮೊದಲನೇದರ ಔಟ್‌ಪುಟ್ಟಿಗೇ ಕರೆಂಟ್ ನೂಕೋದು. ಅಂದರೆ ಹಿಂಬಾಗಿಲಿನಿಂದ ತಳ್ಳಿ, ಅದು ಎಷ್ಟು ಅಲ್ಲಾಡುತ್ತೆ ಅಂತ ನೋಡೋದು. ರೆಸಿಸ್ಟರಿನ ಮೇಲೆ 820 ಮಿಲಿವೋಲ್ಟ್ ಇದ್ದರೆ ಹೋಗ್ತಿರೋದು 100 ಮಿಲಿಆಂಪ್. ಆಗ ಟರ್ಮಿನಲ್ ಮೇಲೆ ಕಾಣೋ ವೋಲ್ಟೇಜೇ ನೇರವಾಗಿ ಉತ್ತರ. ಕಳೆಯೋ ಲೆಕ್ಕವೇ ಇಲ್ಲ. ನಿಜವಾದ ಸ್ಪೀಕರ್ ಮಾಡೋದೂ ಇದನ್ನೇ. ಕೋನ್ ಅಲ್ಲಾಡುವಾಗ ಅದರ ಕಾಯಿಲ್ ಒಂದು ಪುಟ್ಟ ಜನರೇಟರ್ ಆಗಿ ಆಂಪ್ಲಿಫೈಯರಿನೊಳಗೆ ವಾಪಸ್ ಕರೆಂಟ್ ತಳ್ಳುತ್ತೆ.

ಟರ್ಮಿನಲ್ ಮೇಲೆ 21 ಮಿಲಿವೋಲ್ಟ್ ಬಂತು. ಅಂದರೆ 0.21 ಓಮ್. ಮೊದಲು ಬಂದಿದ್ದು 0.12.

ಪ್ರೋಬ್ ಬದಲಾಯಿಸಿ ನೋಡಿದೆ, ಕ್ಲಿಪ್ ಒತ್ತಿ ನೋಡಿದೆ, ಮತ್ತೆ ಮತ್ತೆ ಅದೇ. ಎರಡು ವಿಧಾನ, ಎರಡು ಉತ್ತರ. ಸರ್ ಹತ್ತಿರ ಹೋದರೆ, “ಎರಡೂ ಸರಿ. ಯಾಕೆ ಅಂತ ನೋಡಿ. 50 ಹರ್ಟ್ಸಲ್ಲಿ ಇನ್ನೊಂದ್ಸಲ ಮಾಡಿ” ಅಂದು ಟೀ ಕುಡಿಯೋಕೆ ಹೋದರು.

50 ಹರ್ಟ್ಸಿನಲ್ಲಿ ಮೊದಲ ವಿಧಾನ 0.77 ಓಮ್ ಕೊಟ್ಟಿತು. ಎರಡನೇದು 339 ಮಿಲಿವೋಲ್ಟ್, ಅಂದರೆ 3.39 ಓಮ್! ಈ ಸಲ ವ್ಯತ್ಯಾಸ ನಾಲ್ಕು ಪಟ್ಟಿಗಿಂತ ಜಾಸ್ತಿ.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಸರ್ಕ್ಯೂಟ್ ನೋಡ್ತಾ ಕೂತಾಗ ಕಳ್ಳ ಸಿಕ್ಕಿದ. ನಮ್ಮದು ಸಿಂಗಲ್ ಸಪ್ಲೈ. ಐಸಿಯ ಔಟ್‌ಪುಟ್ಟಿಗೂ ಟರ್ಮಿನಲ್ಲಿಗೂ ನಡುವೆ ಡಿಸಿ ತಡೆಯೋಕೆ 1000 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್ ಇದೆ. 50 ಹರ್ಟ್ಸಿಗೆ ಅದರ ರಿಯಾಕ್ಟೆನ್ಸ್ 3.18 ಓಮ್. ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರಿನಲ್ಲಿ ನೂರಕ್ಕೆ ಇಪ್ಪತ್ತು ಹೆಚ್ಚು ಕಮ್ಮಿ ಇರೋದು ಮಾಮೂಲು. ನಮ್ಮದು 940ರ ಆಸುಪಾಸು ಇದ್ದಿರಬೇಕು, ಆಗ ಲೆಕ್ಕ 3.39ಕ್ಕೆ ಸರಿಹೋಗುತ್ತೆ. ರಿಯಾಕ್ಟೆನ್ಸು ರೆಸಿಸ್ಟೆನ್ಸಿಗೆ ನೇರವಾಗಿ ಕೂಡಲ್ಲ, ಲಂಬಕೋನದಲ್ಲಿ ಕೂಡುತ್ತೆ. ಪೂರ್ವಕ್ಕೆ ಎಂಟು ಹೆಜ್ಜೆ ನಡೆದವನು ಉತ್ತರಕ್ಕೆ ಒಂದು ಹೆಜ್ಜೆ ಇಟ್ಟರೆ ಹೊರಟ ಜಾಗದಿಂದ ಅವನ ದೂರ ಒಂಬತ್ತಾಗಲ್ಲ, ಎಂಟರ ಮೇಲೆ ಚೂರು ಆಗುತ್ತೆ. ಮೊದಲ ವಿಧಾನದಲ್ಲಿ 8.2 ಓಮಿನ ದೊಡ್ಡ ಲೋಡಿನ ಪಕ್ಕದಲ್ಲಿ ಕೆಪ್ಯಾಸಿಟರಿನ ಪಾಲು ಹೀಗೆ ಅಡಗಿ ಕೂತಿತ್ತು. ನೇರವಾಗಿ ಕರೆಂಟ್ ನೂಕಿದಾಗ ಅಡಗೋಕೆ ಜಾಗವೇ ಇರಲಿಲ್ಲ.

ಇಲ್ಲಿಂದ ಇನ್ನೊಂದು ವಿಷಯವೂ ಬಿಡಿಸಿಕೊಂಡಿತು. ಆಂಪ್ಲಿಫೈಯರಿನ ಔಟ್‌ಪುಟ್ ಇಂಪಿಡೆನ್ಸ್ ಅಷ್ಟು ಕಮ್ಮಿ ಆಗೋದು ನೆಗೆಟಿವ್ ಫೀಡ್‌ಬ್ಯಾಕಿನಿಂದ. ಹೆರಾಲ್ಡ್ ಬ್ಲ್ಯಾಕ್ ಅನ್ನೋ ಬೆಲ್ ಲ್ಯಾಬ್ಸಿನ ಎಂಜಿನಿಯರ್ 1927ರ ಆಗಸ್ಟ್ 2ರಂದು ಕೆಲಸಕ್ಕೆ ಹೋಗುವಾಗ ದೋಣಿಯಲ್ಲಿ ಕೂತು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪೇಪರಿನ ಹಾಳೆಯ ಮೇಲೇ ಇದನ್ನು ಬರೆದುಕೊಂಡ. ಔಟ್‌ಪುಟ್ ಚೂರು ಕುಸಿದರೂ ಇನ್‌ಪುಟ್ಟಿಗೆ ಸುದ್ದಿ ಹೋಗುತ್ತೆ, ತಕ್ಷಣ ಸರಿಮಾಡಿಕೊಳ್ಳುತ್ತೆ. ಆದರೆ ಎಲ್ಲಿಂದ ಸುದ್ದಿ ಹೋಗುತ್ತೋ ಅಲ್ಲಿವರೆಗೆ ಮಾತ್ರ ಅದರ ಜವಾಬ್ದಾರಿ. ನಮ್ಮ ಬೋರ್ಡಿನಲ್ಲಿ ಫೀಡ್‌ಬ್ಯಾಕ್ ತಗೊಂಡಿರೋದು ಕೆಪ್ಯಾಸಿಟರಿಗಿಂತ ಮೊದಲು. ಆಚೆಗಿರೋ ಕೆಪ್ಯಾಸಿಟರು, ಕ್ಲಿಪ್ಪು, ತಂತಿ ಯಾವುದರ ಕಷ್ಟವೂ ಅದಕ್ಕೆ ಗೊತ್ತಾಗಲ್ಲ.

‘ಆಚೆಗಿರೋ ತಂತಿ’ ಅಂತ ನೋಟ್ಸಿನಲ್ಲಿ ಬರೆಯುವಾಗ ನನ್ನ ಪೆನ್ನು ನಿಂತುಹೋಯಿತು. ಅಪ್ಪನ ಸ್ಪೀಕರ್ ತಂತಿ ಕಣ್ಣ ಮುಂದೆ ಬಂತು. ಎಷ್ಟು ಉದ್ದ ಅದು?

ರಿಪೋರ್ಟ್ ಬರೆಯೋ ದಿನ ಬ್ಯಾಚಿನಲ್ಲಿ ಸಣ್ಣ ಜಗಳ ಆಯ್ತು. ಗೆಳತಿಯೊಬ್ಬಳು ಯಾವುದೋ ಬ್ರೋಶರಿನಲ್ಲಿ ಡ್ಯಾಂಪಿಂಗ್ ಫ್ಯಾಕ್ಟರ್ 400 ಅಂತ ನೋಡಿದ್ದಳು. ಸ್ಪೀಕರಿನ 8 ಓಮನ್ನು ಔಟ್‌ಪುಟ್ ಇಂಪಿಡೆನ್ಸಿನಿಂದ ಭಾಗಿಸಿದರೆ ಬರೋದು ಅದು. “ನಾವೂ 0.02 ಅಂತ ಬರೆಯೋಣ ಕಣೇ, ನೀಟಾಗಿರುತ್ತೆ. 50 ಹರ್ಟ್ಸಿಗೆ 3.39 ಅಂತ ಬರೆದ್ರೆ ಪ್ರಾಜೆಕ್ಟ್ ಸರಿಯಿಲ್ಲ ಅಂತಾರೆ.” ಅವಳದ್ದು ತಪ್ಪು ಅಂತ ಹೇಳೋ ಯೋಗ್ಯತೆ 960 ಬರೆದ ನನಗೆ ಇರಲಿಲ್ಲ. ಆದರೂ ಹಠ ಮಾಡಿದೆ. ಎರಡು ಫ್ರೀಕ್ವೆನ್ಸಿ, ಎರಡು ವಿಧಾನ, ನಾಲ್ಕೂ ರೀಡಿಂಗ್ ಬರೆದು, ಯಾಕೆ ಬೇರೆ ಬೇರೆ ಬಂತು ಅಂತ ಅರ್ಧ ಪುಟ ಸೇರಿಸಿದೆವು. ವೈವಾದಲ್ಲಿ ಆ ಪುಟ ತೆಗೆದು ಕೇಳಿದರು, ಹೇಳಿದೆವು. ಮಾರ್ಕ್ಸ್ ಮಾತ್ರ ಎಲ್ಲಾ ಬ್ಯಾಚಿಗೂ ಒಂದೇ ಬಂತು. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಸಂಕ್ರಾಂತಿಗೆ ಊರಿಗೆ ಹೋಗುವಾಗ ಗೆಳೆಯನೊಬ್ಬನ ಒಳ್ಳೆ ಮಲ್ಟಿಮೀಟರ್ ಕೇಳಿ ತಗೊಂಡೆ. ಅಪ್ಪ ಅಷ್ಟರಲ್ಲಿ ಹೊಸ ಟ್ರಾನ್ಸಿಸ್ಟರ್ ಹಾಕಿ ಆಂಪ್ಲಿಫೈಯರ್ ಸರಿ ಮಾಡಿಕೊಂಡಿದ್ದರು. ಸಾಲದ ಅರ್ಜಿ ಮೇಜಿನ ಮೇಲಿತ್ತು, ಸಹಿ ಆಗಿರಲಿಲ್ಲ. “ಇನ್ನೊಂದ್ಸಲ ಅಳೀಲಾ ಅಪ್ಪ?” ಅಂದೆ. ಅಪ್ಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಅಳಿ. ಫ್ಯೂಸ್ ಹಾಕಿದೀನಿ” ಅಂದರು.

ಈ ಸಲ 2 ವೋಲ್ಟ್. 8.2 ಓಮಿನಲ್ಲಿ ಅರ್ಧ ವ್ಯಾಟ್ ಕೂಡ ಇಲ್ಲ, ರೆಸಿಸ್ಟರ್ ಬೆಚ್ಚಗೂ ಆಗಲ್ಲ. ಲೋಡ್ ಹಾಕಿ ಟರ್ಮಿನಲ್ ಮೇಲೇ ನೋಡಿದೆ: 2.000 ಇದ್ದದ್ದು 1.948. ಹತ್ತಿರ ಹತ್ತಿರ 0.2 ಓಮ್. ಸೋತ ಆಂಪ್ಲಿಫೈಯರ್ ಅಲ್ಲ ಇದು.

ಆಮೇಲೆ ಅಪ್ಪನಿಗೆ ಹೇಳಿ ಕಾರ್ಯಕ್ರಮಕ್ಕೆ ಎಳೆಯೋ ತಂತಿ ಸುರುಳಿ ತರಿಸಿದೆ. ಅರ್ಧ ಸ್ಕ್ವೇರ್ ಎಂಎಂ ಜೋಡಿ ತಂತಿ, ನಲವತ್ತು ಮೀಟರ್. ಹೋಗಿ ಬರೋಕೆ ಎಂಬತ್ತು. ಅದರ ಆ ತುದಿಗೆ ಬಾಕ್ಸಿನ ಬದಲು ಒಂದು 8.2 ಓಮ್ ಹಾಕಿದೆ. ಆ ತುದಿಯಲ್ಲಿ 1.47 ವೋಲ್ಟ್. ಎರಡನೇ ಬಾಕ್ಸ್ ಬದಲು ಇನ್ನೊಂದು ಸೇರಿಸಿದೆ. 1.16ಕ್ಕೆ ಬಿತ್ತು. ಓಡಿ ಬಂದು ಆಂಪ್ಲಿಫೈಯರ್ ಟರ್ಮಿನಲ್ ನೋಡಿದರೆ ಅಲ್ಲಿ ಇನ್ನೂ 1.94.

ಅಪ್ಪ ಎರಡು ತುದಿಗೂ ತಾವೇ ಓಡಾಡಿ, ತಾವೇ ಮೀಟರ್ ಇಟ್ಟು ನೋಡಿದರು. ನಾನು ಲೆಕ್ಕ ಹೇಳಿದೆ. ಆ ತಂತಿಯದ್ದೇ 2.75 ಓಮ್. ಎರಡು ಬಾಕ್ಸ್ ಸೇರಿ 4 ಓಮ್. ಆಂಪ್ಲಿಫೈಯರ್ ಕೊಡೋ ಪವರಿನಲ್ಲಿ ನೂರಕ್ಕೆ ನಲವತ್ತರಷ್ಟು ಬಾಕ್ಸಿಗೆ ಹೋಗದೆ ತಂತಿಯಲ್ಲೇ ಬಿಸಿಯಾಗಿ ಹೋಗ್ತಿತ್ತು. ಬಾಕ್ಸಿನ ಕಡೆಯಿಂದ ನೋಡಿದರೆ ಡ್ಯಾಂಪಿಂಗ್ ಫ್ಯಾಕ್ಟರ್ ಮೂರೂ ಇರಲಿಲ್ಲ. ‘ಧ್ವನೀಲಿ ತೂಕ ಇರಲ್ಲ’ ಅಂತ ಅಪ್ಪ ಕಿವಿಯಲ್ಲೇ ಹಿಡಿದಿದ್ದರಲ್ಲ, ಅದರಲ್ಲಿ ದೊಡ್ಡ ಪಾಲು ಇದರದ್ದೇ ಅನ್ನಿಸುತ್ತೆ.

“ಅಂದ್ರೆ ಆಂಪ್ಲಿಫೈರ್‌ದು ಏನೂ ತಪ್ಪಿಲ್ಲ?”

“ಇಲ್ಲ ಅಪ್ಪ.”

“ನೀನು ಸುಡೋಕ್ ಮೊದ್ಲೂ ಇರ್ಲಿಲ್ಲ?”

“ಇರ್ಲಿಲ್ಲ.”

ಅಪ್ಪ ನಕ್ಕರು. ದೀಪಾವಳಿಯಿಂದ ಈಚೆಗೆ ಈ ವಿಷಯಕ್ಕೆ ಅವರು ನಕ್ಕಿದ್ದು ಅದೇ ಮೊದಲು. “ಈ ತಂತೀನ ಹನ್ನೆರಡು ವರ್ಷದಿಂದ ನಾನೇ ಸುತ್ತಿ ಸುತ್ತಿ ಇಡ್ತಿದೀನಿ ಕಣವ್ವ. ಒಂದಿನಾನೂ ಇದರ ಮೇಲೆ ಅನುಮಾನ ಬರ್ಲಿಲ್ಲ ನೋಡು.”

ಮಾರನೇ ವಾರ ಎರಡೂವರೆ ಸ್ಕ್ವೇರ್ ಎಂಎಂ ತಂತಿ ತಂದರು. ಅಷ್ಟೇ ಉದ್ದಕ್ಕೆ ಅದರದ್ದು 0.55 ಓಮ್. ಅದರ ತುದಿಯಲ್ಲಿ ಒಂದು ರೆಸಿಸ್ಟರಿಗೆ 1.83, ಎರಡಕ್ಕೆ 1.68 ಬಂತು ಅಂತ ಫೋನಿನಲ್ಲಿ ಅಪ್ಪನೇ ಓದಿ ಹೇಳಿದರು. ಗೆಳೆಯನ ಮೀಟರ್ ಊರಲ್ಲೇ ಬಿಟ್ಟು ಬಂದಿದ್ದೆ. ಸಾಲದ ಅರ್ಜಿಯನ್ನು ಏನು ಮಾಡಿದರು ಅಂತ ನಾನು ಕೇಳಲಿಲ್ಲ. ಹೊಸ ಆಂಪ್ಲಿಫೈಯರಂತೂ ಮನೆಗೆ ಬಂದಿಲ್ಲ.

ಇಷ್ಟೆಲ್ಲ ಬರೆಯೋಕೆ ಕಾರಣ, ಈ ಸೆಮ್ ಜೂನಿಯರ್ ಒಬ್ಬಳು ಬಂದು ನನ್ನ ಅನಲಾಗ್ ಲ್ಯಾಬ್ ರೆಕಾರ್ಡ್ ಕೇಳಿದಳು. ಕೊಟ್ಟೆ. ನನಗೂ ಹಾಗೇ ಸಿಕ್ಕಿತ್ತಲ್ಲ, ಕೊಡಲ್ಲ ಅನ್ನೋ ಮುಖ ಇರಲಿಲ್ಲ. ಆದರೆ ಕೊಡೋ ಮೊದಲು 960 ಓಮ್ ಅನ್ನೋದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದೆ: ‘ಇದನ್ನು ನಾನು ಅಳೆದಿಲ್ಲ. ನೀನು ಅಳೆದು ನೋಡಿ ನನಗೆ ಹೇಳು. ಪ್ರೋಬನ್ನು ಟರ್ಮಿನಲ್ ಮೇಲೇ ಇಡು.’

ಹೋದ ಗುರುವಾರ ಕ್ಯಾಂಟೀನಿನಲ್ಲಿ ಸಿಕ್ಕಿದಳು. ಅವಳಿಗೆ 1120 ಬಂದಿತ್ತಂತೆ. ಸರಿಯಾ ತಪ್ಪಾ ಅಂತ ಕೇಳಿದಳು. ಕಲೆಕ್ಟರ್ ರೆಸಿಸ್ಟರ್ ಎಷ್ಟು ಹಾಕಿದ್ದೆ ಅಂತ ಕೇಳಿದೆ. 1.2 ಕಿಲೋ ಅಂದಳು. ಟೀ ಗ್ಲಾಸ್ ಪಕ್ಕಕ್ಕಿಟ್ಟು, ಟಿಶ್ಯೂ ಪೇಪರಿನ ಮೇಲೆ ಇಬ್ಬರೂ ಸರ್ಕ್ಯೂಟ್ ಬರೆಯೋಕೆ ಕೂತೆವು.